ಪರೀಕ್ಷೆಗೆ ನಿಲ್ಲದ ಶಕ್ತಿಗೆ ಹಣವೇಕೆ?

(ಹೊಳೆಮಣ್ಣೂರಿನ ಸಭೆಯಲ್ಲಿ ಮಾಡಿದ ಭಾಷಣ)



ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಪುಸ್ತಕ ಓದುತ್ತದೆ, ಬಣ್ಣ ಗುರುತಿಸುತ್ತದೆ. ಇದು 'ಮಿಡ್‌ಬ್ರೇನ್ ಆ್ಯಕ್ಟಿವೇಶನ್' ತರಬೇತಿಯ ಫಲವೆಂದು ಸಾರುವವರು ನಾಡಿನ ಹಲವು ಊರುಗಳಲ್ಲಿ ತಂದೆತಾಯಿಗಳಿಂದ ಸಾವಿರಾರು ರೂಪಾಯಿ ವಸೂಲು ಮಾಡಿದ್ದಾರೆ. ನಾವು ಪ್ರತಿಭೆಯ ವೈರಿಗಳಲ್ಲ. ನಾವು ಕೇಳುವುದು ಒಂದೇ ಮಾತು: ಆ ಶಕ್ತಿ ಪರೀಕ್ಷೆಗೆ ನಿಂತಿದೆಯೇ?

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾದೇವಿಯವರನ್ನು ನೋಡಿರಿ. ಸರ್ಕಸ್ಸಿನವನ ಮಗಳು, ಶಾಲೆಯ ಭಾಗ್ಯವಿರಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಪರರು ಆರಿಸಿಕೊಟ್ಟ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಜಗತ್ತು ಒಪ್ಪಿತು, ನಾವೂ ಕೈಮುಗಿಯುತ್ತೇವೆ. ಅವರೇ ಜ್ಯೋತಿಷ್ಯವನ್ನೂ ಹೇಳುತ್ತಿದ್ದರು. ಆದರೆ ಲೆಕ್ಕ ಖರೆಯಾದ ಮಾತ್ರಕ್ಕೆ ಭವಿಷ್ಯ ಖರೆಯಾಗದು. ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು.

ಇದನ್ನೇ ಡಾ. ಎಚ್. ನರಸಿಂಹಯ್ಯನವರು ಮಾಡಹೊರಟರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪಬೇಕೆಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ. ಬೈಗುಳ ಬಂದದ್ದು ಪ್ರಶ್ನೆ ಕೇಳಿದವರ ಪಾಲಿಗೆ!

ಇನ್ನು ಕಣ್ಣುಕಟ್ಟಿನ ಗುಟ್ಟು. ಬಟ್ಟೆ ಎಷ್ಟೇ ಬಿಗಿದರೂ ಮೂಗಿನ ಪಕ್ಕದಲ್ಲಿ ಸಂದು ಉಳಿಯುತ್ತದೆ. ಅದರೊಳಗಿಂದ ಕೆಳಗಿನದು ಕಾಣುತ್ತದೆ. ಮಂಗಳೂರಿನ ನರೇಂದ್ರ ನಾಯಕರು ಇದನ್ನು ಬಹಿರಂಗವಾಗಿ ಬಯಲಿಗೆಳೆದಿದ್ದಾರೆ. ನೀವೂ ಪರೀಕ್ಷಿಸಬಹುದು: ಮಗುವಿನ ಗದ್ದದ ಕೆಳಗೆ ಅಗಲವಾದ ರಟ್ಟು ಹಿಡಿದು ಆ ಸಂದಿನ ನೋಟ ತಡೆಯಿರಿ, ಆಮೇಲೆ ಪುಸ್ತಕ ಓದಿಸಿರಿ. ನಡುಮೆದುಳೋ, ಹುಟ್ಟಿದಾಗಿನಿಂದ ಎಲ್ಲರಲ್ಲಿಯೂ ಕೆಲಸ ಮಾಡುತ್ತಲೇ ಇದೆ. ಅದನ್ನು ಎಬ್ಬಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ.

2019ರಲ್ಲಿ ಮಲಪ್ರಭೆಯ ನೆರೆ ಈ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಇಲ್ಲಿ ಬೀಜ ಗೊಬ್ಬರಕ್ಕೆ ಕೂಡಿಟ್ಟ ಒಂದೊಂದು ರೂಪಾಯಿಯೂ ಬೆವರಿನದು. ತನ್ನ ಮಗ ತನ್ನಂತೆ ಕಷ್ಟಪಡಬಾರದೆಂಬ ತಾಯಿಯ ಆಸೆಯನ್ನೇ ಇವರು ವ್ಯಾಪಾರಕ್ಕಿಟ್ಟಿದ್ದಾರೆ. ಹಣದ ನಷ್ಟಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಇಣುಕಿ ನೋಡಿದ ಮಗು ಹೆತ್ತವರ ಮುಂದೆ ಸುಳ್ಳು ಹೇಳಲು ಕಲಿಯುತ್ತದೆ; ಇಣುಕಲಾರದ ಮಗು ತಾನು ದಡ್ಡನೆಂದು ಕೊರಗುತ್ತದೆ.

ಆದುದರಿಂದ ಬಂಧುಗಳೇ, ಮೊದಲು ಪರೀಕ್ಷೆ, ಆಮೇಲೆ ಹಣದ ಮಾತು. ಮಕ್ಕಳ ಬುದ್ಧಿ ಬೆಳೆಯಲು ಊರಿನ ಶಾಲೆಗೆ ಸಾಕಷ್ಟು ಮಾಸ್ತರರು, ಪುಸ್ತಕಗಳು, ಹೊಟ್ಟೆ ತುಂಬ ಅನ್ನ ಬೇಕು. ಅದನ್ನು ಸರಕಾರದಿಂದ ಹಕ್ಕಿನಿಂದ ಕೇಳೋಣ, ಕೂಡಿ ಕೇಳೋಣ.