ಹೆಬ್ಬೆಗೆ ನಾಯಿ ಕರ್ಕೊಂಡು ಹೊರಟಿದ್ದೀರಾ?

ಇವತ್ತು ನನ್ನದೇ ಒಂದು ತಪ್ಪಿಂದ ಶುರು ಮಾಡ್ತೀನಿ.

ಹೋದ ಬೇಸಿಗೇಲಿ ನಮ್ಮ ನಾಯಿ ರಾಜನ್ನ ಕಾರಲ್ಲಿ ಕೂರಿಸ್ಕೊಂಡು ಹೆಬ್ಬೆ ಜಲಪಾತ ನೋಡೋಕೆ ಹೊರಟೆ. ಅಲ್ಲಿ ಗೇಟಿಂದ ಮುಂದಕ್ಕೆ ಜೀಪಲ್ಲೇ ಹೋಗಬೇಕು. ಡ್ರೈವರ್ ರಾಜನ್ನ ನೋಡಿದ್ದೇ, "ನಾಯಿ ಬಿಡಲ್ಲ ಮೇಡಂ, ಇದು ಭದ್ರಾ ಹುಲಿ ಕಾಡು" ಅಂದ್ರು. ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬಂದೆ. ದಾರೀಲಿ ಕಾಫಿ ತೋಟದ ಪಕ್ಕ ಕಾರ್ ನಿಲ್ಸಿ, ಪಾಪ ಓಡಾಡ್ಲಿ ಅಂತ ಚೈನ್ ಬಿಚ್ಚಿದೆ. ಪೊದೆಯಿಂದ ಕಾಡುಕೋಳಿ ಹೇಟೆಯೊಂದು ಪಟಪಟ ಎದ್ದಿತು. ರಾಜ ಬೆನ್ನು ಹತ್ತಿದ. ನಾನು ನಗ್ತಾ ವಿಡಿಯೋ ಮಾಡ್ತಿದ್ದೆ!

ಖಾಲಿ ಬಾಯಲ್ಲಿ ವಾಪಸ್ ಬಂದ. ಸದ್ಯ, ಏನೂ ಆಗಿಲ್ಲ ಅಂದ್ಕೊಂಡೆ. ಆಮೇಲೆ ನೋಡಿದ್ರೆ ತರಗೆಲೆ ನಡುವೆ ನಾಲ್ಕು ಮೊಟ್ಟೆ. ದೂರ ಹೋಗಿ ಕಾರಲ್ಲಿ ಕೂತು ಕಾದೆ. ಸಂಜೆವರೆಗೂ ಹೇಟೆ ಬರಲಿಲ್ಲ.

"ನಾಯಿ ಕಚ್ಚಲಿಲ್ಲ ತಾನೇ?" ಅಂತ ಕೇಳ್ತೀರಿ. ಕಚ್ಚೋದೇ ಬೇಕಾಗಿಲ್ಲ. ಹೆಬ್ಬೆ ಇರೋ ಭದ್ರಾ ಸೀಮೆಯಲ್ಲೇ ಲಕ್ಕವಳ್ಳಿ ಇದೆ. ಬೇಸಿಗೇಲಿ ಜಲಾಶಯದ ನೀರು ಇಳಿದಾಗ ನಡುಗಡ್ಡೆಗಳು ಮೇಲೇಳ್ತವೆ. ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಸಣ್ಣ ಗುಳಿ ಮಾಡಿ ಎರಡು ಮೂರು ಮೊಟ್ಟೆ ಇಡ್ತವೆ. ಕಡ್ಡಿ ಇಲ್ಲ, ನೆರಳಿಲ್ಲ. ನಾಯಿ ಹತ್ರ ಬಂದ್ರೆ ತಾಯಿ ಹಾರುತ್ತೆ. ಅಷ್ಟರಲ್ಲಿ ಬಿಸಿಲು ಮೊಟ್ಟೆ ಬೇಯಿಸುತ್ತೆ, ಇಲ್ಲಾ ಕಾಗೆ ಎತ್ಕೊಂಡು ಹೋಗುತ್ತೆ. ನಾನು ಬಿಕಾಂ, ನನಗೆ ಲೆಕ್ಕ ಇಷ್ಟೇ ಅರ್ಥ ಆಗೋದು: ಬಂಡವಾಳವೇ ಎರಡು ಮೂರು ಮೊಟ್ಟೆ. ಈ ಹಕ್ಕಿ ಐಯುಸಿಎನ್ ಕೆಂಪು ಪಟ್ಟಿಯಲ್ಲೂ ಇದೆ.

ಚೈನ್ ಹಾಕಿದ್ರೆ ಸಾಕಾ? ಕಡಲತೀರದಲ್ಲಿ ಬಹಳ ಉಪಯೋಗ ಇದೆ. ಕ್ಯಾಲಿಫೋರ್ನಿಯಾದ ಕೋಲ್ ಆಯಿಲ್ ಪಾಯಿಂಟ್ ಬೀಚಲ್ಲಿ 2001ರಲ್ಲಿ ಒಂದಷ್ಟು ಜಾಗಕ್ಕೆ ಹಗ್ಗ ಕಟ್ಟಿ, ನಾಯಿಗಳಿಗೆ ಚೈನ್ ಹಾಕಿ ಅಂತ ಸ್ವಯಂಸೇವಕರು ನಿಂತು ಕೇಳ್ಕೊಂಡ್ರು. ದಶಕಗಳಿಂದ ಅಲ್ಲಿ ಮರಿ ಮಾಡದ ಸ್ನೋಯಿ ಪ್ಲೋವರ್ ಮತ್ತೆ ಮರಿ ಮಾಡಿತು. ಆದ್ರೆ ಕಾಡಿನ ಮಾತೇ ಬೇರೆ. ಸಿಡ್ನಿ ಹೊರವಲಯದ ಕಾಡಲ್ಲಿ ಚೈನ್ ಹಿಡ್ಕೊಂಡೇ ನಾಯಿ ನಡೆಸಿದಾಗ ಹಕ್ಕಿಗಳ ಸಂಖ್ಯೆ 41% ಕಮ್ಮಿ ಕಂಡಿತ್ತು ಅಂತ 2007ರ ಅಧ್ಯಯನ ಹೇಳುತ್ತೆ. ಅಂದ್ರೆ ಆ ಡ್ರೈವರ್ ಹೇಳಿದ್ದೇ ಸರಿ.

ಮುಂದಿನ ತಿಂಗಳು ಮರವಂತೆ ಬೀಚಿಗೆ ಹೊರಟಿದ್ದೀವಿ. ರಾಜನೂ ಬರ್ತಾನೆ, ಚೈನ್ ಸಮೇತ. ಹೆಬ್ಬೆಗೆ ಮಾತ್ರ ಅವನನ್ನ ಅಮ್ಮನ ಹತ್ರ ಬಿಟ್ಟು ಹೋಗ್ತೀನಿ. ಆ ವಿಡಿಯೋ ಇನ್ನೂ ಫೋನಲ್ಲಿದೆ, ಎಲ್ಲೂ ಹಾಕಿಲ್ಲ.