ದೋಣಿ ದಾರಿಗೆ ಮೊದಲು ದಂಡೆ ಬೇಕು



ನದಿಯಲ್ಲಿ ಸಾರ್ವಜನಿಕ ದೋಣಿ ದಾರಿ ಮಾಡುವ ಬಗ್ಗೆ ವಿಚಾರ ಸಂಕಿರಣ ನಡೆಸಲು ಎರೆ ಹೊಲಗಳ ನಡುವಿನ ಸಂಶಿಗೇ ಏಕೆ ಬರಬೇಕು ಎಂದು ಯಾರಾದರೂ ಕೇಳಬಹುದು. ಸಂಶಿ ಇರುವ ಧಾರವಾಡ ಜಿಲ್ಲೆ ಎರಡು ಕಡಲಿಗೆ ನೀರು ಹಂಚುವ ನೆಲ. ಪಡುವಣದ ಮಳೆ ಶಾಲ್ಮಲೆ, ಬೇಡ್ತಿಗಳಾಗಿ ಕಲಘಟಗಿ ದಾಟಿ, ಕೆಳಗೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣದ ಮಳೆ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಲ್ಲಿ ಹರಿದು ಮಲಪ್ರಭೆಗೆ ಇಳಿದು, ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುತ್ತದೆ. ಆದರೂ ನಮ್ಮ ಮಕ್ಕಳಿಗೆ ಹೊಳೆಯ ಪರಿಚಯ ಆಗುವುದು ಎರಡೇ ಸಲ: ಯಮನೂರ ಜಾತ್ರೆಗೆ ಹೋಗಿ ಬೆಣ್ಣೆಹಳ್ಳದಲ್ಲಿ ಮಿಂದಾಗ, ಇಲ್ಲವೇ ಹಳ್ಳ ಬಂದು ದಾರಿ ಕಟ್ಟಾದಾಗ. 2019ರ ಆಗಸ್ಟ್ ತಿಂಗಳ ನೆರೆಯನ್ನು ಈ ಭಾಗದವರು ಮರೆತಿಲ್ಲ.

ಹಾಗೆಂದು ಬೆಣ್ಣೆಹಳ್ಳದಲ್ಲಿ ದೋಣಿ ದಾರಿ ಬೇಡ. ಒಂದು ರಾತ್ರಿಯ ಮಳೆಗೆ ಉಕ್ಕಿ, ಬೇಸಿಗೆಯಲ್ಲಿ ಒಣಗುವ ಹಳ್ಳ ಅದು. ಆಸೆಗೆ ಬಿದ್ದು ಅಲ್ಲಿ ದೋಣಿ ಇಳಿಸಿದರೆ ಜೀವಕ್ಕೆ ಅಪಾಯ. ಅದಕ್ಕೆ ಬೇಕಾದದ್ದು ಒತ್ತುವರಿ ಇಲ್ಲದ ಪಾತ್ರ ಮತ್ತು ಚರಂಡಿ ಸೇರದ ನೀರು.

ದೋಣಿ ಇಳಿಸಿದ ಹತ್ತಿರದ ಅನುಭವ ಕಾಳಿ ನದಿಯದು. 184 ಕಿಲೋಮೀಟರ್ ಉದ್ದದ ಆ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳಿವೆ. ಗಣೇಶಗುಡಿಯಲ್ಲಿ ಕಡು ಬೇಸಿಗೆಯಲ್ಲೂ ರ‍್ಯಾಫ್ಟಿಂಗ್ ನಡೆಯುತ್ತದೆಂದರೆ ಕಾರಣ ಸೂಪಾದ ವಿದ್ಯುದಾಗಾರ. ಟರ್ಬೈನ್ ತಿರುಗಿದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ಹಾಗಾಗಿ ನೀರು ಬಿಡುವ ವೇಳೆ ದಂಡೆಯ ಪ್ರತಿಯೊಂದು ಫಲಕದ ಮೇಲೆ ಇರಬೇಕು. ದೋಣಿಯವರಿಗಷ್ಟೇ ಅಲ್ಲ, ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೂ, ದನ ಕಾಯುವವರಿಗೂ ಅದು ಬೇಕು. ದಾಂಡೇಲಿಯ ಸುತ್ತ ಮೊಸಳೆಗಳಿವೆ. ಅವು ಬಿಸಿಲು ಕಾಯಿಸಿಕೊಳ್ಳುವ, ಮೊಟ್ಟೆ ಇಡುವ ದಂಡೆಗಳಿಗೆ ದೋಣಿ ಹೋಗಲೇಬಾರದು. ಎಲ್ಲಿ ಹೋಗಬಾರದು ಎಂದು ಗುರುತು ಹಾಕದ ನಕ್ಷೆ ಅರ್ಧ ನಕ್ಷೆ.

ಕಾಳಿಯ ದೋಣಿ ವಿಹಾರ ಅನೇಕರಿಗೆ ಅನ್ನ ಕೊಟ್ಟಿದೆ. ಆದರೆ ಟಿಕೆಟ್ಟು ಕೊಂಡವರಿಗೆ ಮಾತ್ರ ನೀರಿಗಿಳಿಯುವ ಅವಕಾಶ ಇರುವ ಕಡೆ ಸಾರ್ವಜನಿಕ ದಾರಿ ಇದೆ ಎನ್ನಲಾಗದು. ಬಂಡಿದಾರಿಯ ಮೇಲೆ ಊರಿಗೆಲ್ಲ ಹಕ್ಕಿರುವಂತೆ ಹೊಳೆಗಿಳಿಯುವ ದಾರಿಯ ಮೇಲೂ ಹಕ್ಕು ಇರಬೇಕು. ಅಮೆರಿಕದ ಮೇನ್ ಕರಾವಳಿಯಲ್ಲಿ 1988ರಲ್ಲಿ ಶುರುವಾದ ದ್ವೀಪಗಳ ದೋಣಿ ದಾರಿ ನಿಂತಿರುವುದು ಒಂದು ಒಪ್ಪಂದದ ಮೇಲೆ: ಖಾಸಗಿ ದ್ವೀಪಗಳ ಒಡೆಯರೂ ಇಳಿಯಲು ಜಾಗ ಕೊಡುತ್ತಾರೆ, ಇಳಿದವರು ಆ ಜಾಗವನ್ನು ಕಾಯುತ್ತಾರೆ, ಕಸ ಎತ್ತುತ್ತಾರೆ. ನಮ್ಮ ದಂಡೆಯ ರೈತರೊಡನೆ ಮಾಡಿಕೊಳ್ಳಬಹುದಾದ ಮಾತು ಇದು. ಬೆಳೆ ತುಳಿಯುವುದಿಲ್ಲ, ಪಂಪ್‌ಸೆಟ್ಟಿನ ಪೈಪು ಮುಟ್ಟುವುದಿಲ್ಲ ಎಂಬ ಭರವಸೆ ಮೊದಲು ನಮ್ಮಿಂದ ಹೋಗಬೇಕು.

ಹುಟ್ಟು ಹಾಕುವ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ದುಂಡನೆಯ ಹರಿಗೋಲುಗಳಲ್ಲಿ ಜನರು ಮಾತ್ರವಲ್ಲ, ಕುದುರೆ, ಎತ್ತುಗಳೂ ತುಂಗಭದ್ರಾ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಲೇ ವಚನ ಹೇಳಿದ. ಅದೇ ತುಂಗಭದ್ರೆಯಲ್ಲಿ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಅಂಥ ಹರಿವಿನಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ಎತ್ತುವುದು ಮೊದಲು ಕಣ್ಣಿಗೆ ಬೀಳುವುದು ದಿನವೂ ನೀರಿನ ಮೇಲಿರುವ ಅಂಬಿಗನಿಗೆ. ದೋಣಿ ದಾರಿಯ ಮಾರ್ಗದರ್ಶಕ ಅವನೇ ಆಗಲಿ, ಸಂಬಳ ಅವನಿಗೇ ಸಿಗಲಿ.

ನನ್ನ ಸೂಚನೆ ಒಂದೇ. ಮೊದಲ ಪ್ರಯೋಗ ಮಲಪ್ರಭೆಯಲ್ಲಿ, ಪಟ್ಟದಕಲ್ಲಿನಿಂದ ಐಹೊಳೆಯವರೆಗೆ ನಡೆಯಲಿ. ಮಳೆಗಾಲ ಕಳೆದು ಹರಿವು ತಿಳಿಯಾದ ಮೇಲೆ, ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ನೀರು ಬರುತ್ತದೆ ಎಂದು ತಿಳಿದುಕೊಂಡು, ಜೀವರಕ್ಷಕ ಜಾಕೆಟ್ ತೊಟ್ಟವರನ್ನು ಮಾತ್ರ ಕರೆದೊಯ್ಯುವ ಚಿಕ್ಕ ದಾರಿ ಅದು. ಗುಡಿಗಳನ್ನು ನೋಡಲು ಬಂದವರು ಅವನ್ನು ಕಟ್ಟಿದವರ ಹೊಳೆಯನ್ನೂ ನೋಡಲಿ. ಅದರ ಪಾತ್ರ ಎಲ್ಲಿ ಕಬ್ಬಿನ ಗದ್ದೆಯಾಗಿದೆ, ಎಲ್ಲಿ ಜಾಲಿಕಂಟಿಯಾಗಿದೆ ಎಂಬುದು ರಸ್ತೆಯಿಂದ ಕಾಣುವುದಿಲ್ಲ, ದೋಣಿಯಿಂದ ಕಾಣುತ್ತದೆ.

ವಿಚಾರ ಸಂಕಿರಣಗಳಿಂದ ಏನಾಗುತ್ತದೆ ಎನ್ನುವವರಿಗೆ ಬೇಡ್ತಿಯನ್ನು ನೆನಪಿಸುತ್ತೇನೆ. 1981ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನೂ ರೈತರನ್ನೂ ಒಂದೆಡೆ ಕೂಡಿಸಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟ ಲೆಕ್ಕ ಹಾಕಿಸಿತು. ಆ ಯೋಜನೆ ಮುಂದೆ ಹೋಗಲಿಲ್ಲ. ಅಲ್ಲಿ ಅಡಿಕೆ ಬೆಳೆಗಾರ ಇಂಜಿನಿಯರನ ಎದುರು ಅಂಕಿ ಇಟ್ಟು ಮಾತಾಡಿದ. ಇಂದಿನ ಮೊದಲ ಗೋಷ್ಠಿಯಲ್ಲೂ ಪ್ರಬಂಧ ಓದುವ ಮುನ್ನ ಅಂಬಿಗರಿಗೆ, ಮೀನುಗಾರರಿಗೆ, ದಂಡೆಯ ರೈತರಿಗೆ ಮೈಕು ಕೊಡಿ ಎಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ಸುಳಿ ಎಲ್ಲಿದೆ, ಮಡು ಎಷ್ಟು ಆಳ, ಯಾವ ತಿಂಗಳು ಮೀನು ಮೊಟ್ಟೆ ಇಡುತ್ತದೆ ಎಂದು ಅವರು ಹೇಳಿದ್ದನ್ನು ಬರೆದುಕೊಂಡ ಮೇಲೆಯೇ ನಕ್ಷೆಯ ಕೆಲಸ ಶುರುವಾಗಲಿ.