ಉಳಿ ಹಿಡಿದ ಕೈಗೂ ಒಂದು ಪತ್ರಿಕೆ ಬೇಕು

(ಬೆಂಗಳೂರಿನ ಯುವಜನರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಒಂದು ಉಳಿ ಇದೆ? ಕೈ ಎತ್ತಿ ನೋಡೋಣ. ನಾಲ್ಕು ಕೈ. ಸಂತೋಷ. ಆ ಉಳಿಯನ್ನು ಮಸೆಯುವುದು ಹೇಗೆ ಎಂದು ಕನ್ನಡದಲ್ಲಿ ಓದಿ ಕಲಿತವರು ಎಷ್ಟು ಜನ? ಒಬ್ಬರೂ ಇಲ್ಲ! ಇವತ್ತಿನ ನನ್ನ ಮಾತು ಇದರ ಬಗ್ಗೆಯೇ.

ಹವ್ಯಾಸಕ್ಕಾಗಿ ಮರಗೆಲಸ ಮಾಡುವವರಿಗೆಂದು ನಾನೂ ನನ್ನ ಗೆಳೆಯನೂ ಸೇರಿ ಎಂಟು ಪುಟದ ಕನ್ನಡ ಪತ್ರಿಕೆಯೊಂದನ್ನು ನಡೆಸಿದೆವು. ಏಳು ಸಂಚಿಕೆ ಬಂತು. ಎಂಟನೆಯದು ಬರಲಿಲ್ಲ. ಯಾಕೆ ನಿಂತಿತು ಎಂದು ಕೇಳಿದವರಿಗೆ "ಕನ್ನಡಿಗರು ಕೊಂಡು ಓದುವುದಿಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅದು ಸುಳ್ಳು. ಓದುವವರು ಇದ್ದರು. ಎಡವಿದ್ದು ನಾವು. ಆ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಒಪ್ಪಿಸುತ್ತೇನೆ.

ಮೊದಲನೆಯದು, ಅಳತೆಯ ತಪ್ಪು. ಸಿನಿಮಾ ಪುಟದಲ್ಲಿ ಒಂದು ಸುಳ್ಳು ಸುದ್ದಿ ಅಚ್ಚಾದರೆ ಮುಂದಿನ ಶುಕ್ರವಾರಕ್ಕೆ ಮರೆತುಹೋಗುತ್ತದೆ. ಮರಗೆಲಸದ ಪುಟದಲ್ಲಿ ಒಂದು ಅಂಕಿ ತಪ್ಪಿದರೆ ಯಾರದೋ ಹಲಗೆ ಹಾಳು. ಗರಗಸ ಯಂತ್ರದ ವಿಚಾರದಲ್ಲಿ ಒಂದು ಎಚ್ಚರಿಕೆ ಬಿಟ್ಟುಹೋದರೆ ಯಾರದೋ ಬೆರಳೇ ಹೋದೀತು! ನಮ್ಮ ನಾಲ್ಕನೆಯ ಸಂಚಿಕೆಯಲ್ಲಿ ಸ್ಟೂಲಿನ ಕಾಲಿನ ಉದ್ದ 18 ಇಂಚು ಎಂದಿರಬೇಕಾದ ಕಡೆ 16 ಎಂದು ಅಚ್ಚಾಯಿತು. ಓದುಗರೊಬ್ಬರು ಕೆಡವಿದ ಅಜ್ಜನ ಮನೆಯ ತೇಗದ ಬಾಗಿಲುವಾಡವನ್ನು ಅದೇ ಅಳತೆಗೆ ಕೊಯ್ದುಬಿಟ್ಟಿದ್ದರು. ಬೈಯಲಿಲ್ಲ. ಒಂದು ಕಾರ್ಡು ಬರೆದರು: "ಮುಂದಿನ ಸಲ ನೋಡಿಕೊಂಡು ಅಚ್ಚು ಹಾಕಿ ಸ್ವಾಮಿ." ಬೈದಿದ್ದರೇ ಚೆನ್ನಾಗಿತ್ತು.

ಇಂಗ್ಲೆಂಡಿನಲ್ಲಿ 'ದಿ ವುಡ್‌ವರ್ಕರ್' ಎಂಬ ಪತ್ರಿಕೆ 1901ರಲ್ಲಿ ಶುರುವಾಯಿತು. 1939ರಲ್ಲಿ ಅದರ ಸಂಪಾದಕರಾದ ಚಾರ್ಲ್ಸ್ ಹೇವರ್ಡ್ ಸ್ವತಃ ಮರಗೆಲಸ ಬಲ್ಲವರು. ತಾವೇ ಮಾಡುತ್ತಿದ್ದರು, ತಾವೇ ಚಿತ್ರ ಬರೆಯುತ್ತಿದ್ದರು, ತಾವೇ ಲೇಖನ ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೇ ಬರ ಬಂದಾಗಲೂ ಪತ್ರಿಕೆ ನಿಲ್ಲಲಿಲ್ಲ. ನಾವು ಏನು ಮಾಡಿದೆವು? ಮಾಡದೇ ಬರೆದೆವು! ಈ ಕೆಲಸಕ್ಕೆ ಇಳಿಯುವವರು ಒಂದು ನಿಯಮ ಇಟ್ಟುಕೊಳ್ಳಿ. ಬರೆಯುವ ಮುನ್ನ ವಸ್ತುವನ್ನು ಒಮ್ಮೆ ನೀವು ಮಾಡಿ. ಅಚ್ಚಿಗೆ ಕೊಡುವ ಮುನ್ನ ಬರೀ ನಿಮ್ಮ ನಕ್ಷೆ ನೋಡಿಕೊಂಡು ಇನ್ನೊಬ್ಬರು ಮಾಡಲಿ. ಹೌದು, ನಾಲ್ಕು ಪುಟಕ್ಕೆ ಒಂದು ತಿಂಗಳು ಹಿಡಿಯುತ್ತದೆ. ಹಿಡಿಯಲಿ.

ಎರಡನೆಯದು, ದುಡ್ಡು. ಸಲಕರಣೆ ಅಂಗಡಿಯವರೊಬ್ಬರು ನಮಗೆ ಜಾಹೀರಾತು ಕೊಟ್ಟರು. ತಮ್ಮಲ್ಲಿರುವ ಡ್ರಿಲ್ ಯಂತ್ರದ ಬಗ್ಗೆ ಎರಡು ಒಳ್ಳೆಯ ಮಾತು ಬರೆಯಿರಿ ಎಂದರು. ಕೈಯಲ್ಲಿ ಹಿಡಿದು ನೋಡದೆಯೇ ಬರೆದೆವು. ಎರಡು ತಿಂಗಳಲ್ಲಿ ಆ ಯಂತ್ರ ಸುಟ್ಟುಹೋಯಿತೆಂದು ಮೂವರು ಓದುಗರು ತಿಳಿಸಿದರು. ಅವರಲ್ಲಿ ಒಬ್ಬರೂ ಚಂದಾ ಮುಂದುವರಿಸಲಿಲ್ಲ. ಸರಿಯಾಗಿಯೇ ಮಾಡಿದರು.

ಅಮೆರಿಕದ ಡಿಮಾಯ್ನ್ ಊರಿನಲ್ಲಿ ಡಾನ್ ಪೆಶ್ಕಿ ಎಂಬುವರು 1979ರಲ್ಲಿ 'ವುಡ್‌ಸ್ಮಿತ್' ಆರಂಭಿಸಿದಾಗ ಜಾಹೀರಾತೇ ಬೇಡ ಎಂದರು. ಓದುಗರ ಚಂದಾ ಹಣದಲ್ಲೇ ಪತ್ರಿಕೆ ನಡೆಸಿದರು. ಇನ್ನೊಂದು ಕಡೆ ನೋಡಿ. 'ಪಾಪ್ಯುಲರ್ ವುಡ್‌ವರ್ಕಿಂಗ್' ಮೊದಲಾದ ಅನೇಕ ಹವ್ಯಾಸ ಪತ್ರಿಕೆಗಳನ್ನು ಕೈಯಲ್ಲಿಟ್ಟುಕೊಂಡಿದ್ದ ದೊಡ್ಡ ಕಂಪನಿ 2019ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಪತ್ರಿಕೆ ಬೇರೆಯವರ ಪಾಲಾಯಿತು. ಇಂಗ್ಲಿಷಿನಂಥ ಇಂಗ್ಲಿಷಿನಲ್ಲೇ ಹೀಗೆ! ಆದ್ದರಿಂದ ಸೋತದ್ದಕ್ಕೆ ಕನ್ನಡವನ್ನು ದೂರಬೇಡಿ.

ಮೂರನೆಯದು ನಮ್ಮ ಭಾಷೆಯ ಅಹಂಕಾರ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಪೆಟ್ಟಿಗೆಯ ಮೂಲೆ ಕೂಡಿಸುವ ಡವ್‌ಟೇಲ್ ಎಂಬ ಬೆಸುಗೆಗೆ ನಾವು ನಿಘಂಟು ತಿರುವಿ 'ಕಪೋತಪುಚ್ಛ ಸಂಧಿ' ಎಂದು ಅಚ್ಚು ಹಾಕಿದೆವು! ನಮ್ಮ ಬೀದಿಯ ಆಚಾರ್ರಿಗೆ ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಓದಿದರು. "ಇದು ಯಾವ ಕಾಯಿಲೆಗೆ ಸಾರ್ ಔಷಧಿ?" ಎಂದರು.

ಅವರ ಪಕ್ಕದಲ್ಲೇ ಬಾಚಿ, ಬೈರಿಗೆ, ಉಜ್ಜುಗೊರಡು, ಕೊಡತಿ ಎಲ್ಲ ಬಿದ್ದಿದ್ದವು. ಇವೆಲ್ಲ ಕನ್ನಡವಲ್ಲವೇ? ಇಂಚಿನ ಎಂಟನೆಯ ಒಂದು ಪಾಲಿಗೆ ಅವರು 'ನೂಲು' ಎನ್ನುತ್ತಾರೆ. ನಿಮ್ಮ ಟೇಪಿನಲ್ಲಿ ಅದು 3 ಮಿಲಿಮೀಟರಿಗೆ ತುಸು ಹೆಚ್ಚು. "ಎರಡು ನೂಲು ಕಮ್ಮಿ ಮಾಡು" ಎಂದರೆ ಅವರ ಶಿಷ್ಯನಿಗೆ ತಕ್ಷಣ ಗೊತ್ತಾಗುತ್ತದೆ. ಕಾಲೇಜು ಓದಿದ ನನಗೆ ಗೊತ್ತಿರಲಿಲ್ಲ. ಆಚಾರ್ರ ಮಗ ಈಗ ಕಾರ್ಖಾನೆಯಿಂದ ಬಂದ ಅಡುಗೆಮನೆ ಕಪಾಟುಗಳನ್ನು ಜೋಡಿಸುವ ಕೆಲಸದಲ್ಲಿದ್ದಾನೆ. ಅಲ್ಲಿ ನೂಲಿಗೆ ಕೆಲಸವಿಲ್ಲ. ಆಚಾರ್ರ ಜೊತೆಗೆ ಆ ಮಾತೂ ಹೋದರೆ ಯಾವ ಸಮ್ಮೇಳನದ ನಿರ್ಣಯ ಅದನ್ನು ವಾಪಸು ತರುತ್ತದೆ? ನೀವೇ ಹೇಳಿ.

"ಯೂಟ್ಯೂಬ್ ಇದೆಯಲ್ಲ ಸಾರ್" ಎನ್ನುತ್ತೀರಿ. ಇದೆ, ನಾನೂ ನೋಡುತ್ತೇನೆ. ಆದರೆ ಅಲ್ಲಿ ಗ್ಯಾರೇಜಿನಲ್ಲಿ ನಿಂತ ಅಮೆರಿಕದವನು ಚೆರ್ರಿ, ಮೇಪಲ್ ಮರ ತೋರಿಸುತ್ತಾನೆ. ನಿಮಗೆ ಬೇಕಾದದ್ದು ಹಲಸು, ಮತ್ತಿ, ಹೊನ್ನೆ, ಸಿಲ್ವರ್ ಓಕ್ ವಿಚಾರ. ಮಂಗಳೂರಿನ ಜುಲೈ ತಿಂಗಳಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರು ಕಲಬುರಗಿಯ ಏಪ್ರಿಲ್‌ನಲ್ಲಿ ಸಡಿಲವಾಗುತ್ತದೆ. ತೇವ ಕುಡಿದ ಮರ ಅಡ್ಡಗಲಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ, ಕೆಳಗಿನ ಮನೆಯವರು ಜಗಳಕ್ಕೆ ಬರದ ಹಾಗೆ ಕೆಲಸ ಮಾಡುವುದು ಹೇಗೆ? ಇದನ್ನು ನಮಗೆ ಯಾರು ಹೇಳಬೇಕು? ನಾವೇ ಹೇಳಿಕೊಳ್ಳಬೇಕು.

ಆಗುವ ಮಾತೇ ಇದು ಎಂದು ಅನುಮಾನ ಪಡುವವರು ಪುತ್ತೂರಿನ ಕಡೆ ನೋಡಿ. 1988ರಲ್ಲಿ 'ಅಡಿಕೆ ಪತ್ರಿಕೆ' ಅಲ್ಲಿಂದ ಹೊರಟಿತು. ಶ್ರೀ ಪಡ್ರೆ ಅವರೂ ಜೊತೆಗಾರರೂ "ಕೃಷಿಕರ ಕೈಗೆ ಲೇಖನಿ" ಎಂದರು. ತೋಟ ಮಾಡುವವರೇ ಬರೆದರು, ತೋಟ ಮಾಡುವವರೇ ಓದಿದರು. ಅಮೆರಿಕದಲ್ಲಿ 1975ರಲ್ಲಿ ಪಾಲ್ ಮತ್ತು ಜಾನ್ ರೋಮನ್ ದಂಪತಿ ತಮ್ಮ ಮನೆಯಿಂದಲೇ 'ಫೈನ್ ವುಡ್‌ವರ್ಕಿಂಗ್' ಹೊರಡಿಸಿದರಲ್ಲ, ಅಲ್ಲೂ ಇದೇ ಗುಟ್ಟು: ಕೆಲಸ ಬಲ್ಲವರಿಂದಲೇ ಬರೆಸಿದರು. ಬಡಗಿಗೆ ಬರೆಯಲು ಬಿಡುವಿಲ್ಲ ಎಂದರೆ ನೀವು ಹೋಗಿ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ, ಅವರು ತಿದ್ದಲಿ. ಅವರ ಹೆಸರು ಹಾಕಿ. ಸಂಭಾವನೆ ಕೊಡಿ. ಪುಕ್ಕಟೆ ಕೇಳಬೇಡಿ!

ಕಾನೂನಿನ ಮಾತು ಒಂದು. 1867ರ ಹಳೆಯ ಕಾಯಿದೆ ಹೋಗಿ, 2023ರ ಹೊಸ ಪತ್ರಿಕಾ ನೋಂದಣಿ ಕಾಯಿದೆ 2024ರ ಮಾರ್ಚಿನಿಂದ ಜಾರಿಯಲ್ಲಿದೆ. ಶೀರ್ಷಿಕೆಗೂ ನೋಂದಣಿಗೂ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಅಂಚೆಯ ರಿಯಾಯಿತಿ ಬೇಕಾದರೆ ಈ ನೋಂದಣಿ ಆಗಲೇಬೇಕು. ನಾವು ಸೋಮಾರಿತನದಿಂದ ಇದನ್ನು ಮುಂದೂಡಿದೆವು. ಪ್ರತಿ ಸಂಚಿಕೆಗೂ ಪೂರ್ತಿ ಅಂಚೆವೆಚ್ಚ ತೆತ್ತೆವು. ಏಳನೆಯ ಸಂಚಿಕೆ ಕಳಿಸಿದ ದಿನ ಡಬ್ಬದಲ್ಲಿ ಕಾಸಿರಲಿಲ್ಲ.

ಇಷ್ಟೇ ನನ್ನ ಲೆಕ್ಕ. ಬರುವ ಭಾನುವಾರ ನಿಮ್ಮ ಬಡಾವಣೆಯ ಒಬ್ಬ ಬಡಗಿಯ ಬಳಿ ಹೋಗಿ. ಒಂದು ಗಂಟೆ ಸುಮ್ಮನೆ ಕೂತು ನೋಡಿ. ಅವರು ಬಳಸುವ ಹತ್ತು ಮಾತು ಬರೆದುಕೊಳ್ಳಿ. ಆಮೇಲೆ ಒಂದು ಮಣೆಯನ್ನಾದರೂ ನಿಮ್ಮ ಕೈಯಿಂದ ಮಾಡಿ. ಸೊಟ್ಟಗಾದರೂ ಪರವಾಗಿಲ್ಲ.

ನಮ್ಮ ಹಳೆಯ ಚಂದಾದಾರರ ಪಟ್ಟಿ ನನ್ನ ಬಳಿ ಭದ್ರವಾಗಿದೆ. ತೇಗದ ಬಾಗಿಲುವಾಡ ಹಾಳು ಮಾಡಿಕೊಂಡವರ ಹೆಸರೂ ಅದರಲ್ಲಿದೆ. ಆ ಕಾರ್ಡಿಗೆ ನಾನು ಇನ್ನೂ ಉತ್ತರ ಬರೆದಿಲ್ಲ. ನೀವು ಹೊರಡಿಸುವ ಎಂಟನೆಯ ಸಂಚಿಕೆಯ ಮೊದಲ ಪ್ರತಿ ಅವರಿಗೆ ಹೋಗಲಿ, ಸರಿಯಾದ ಅಳತೆಯೊಂದಿಗೆ.